ಕೊನೆಯ ಕಂತೆ

ಪುಸ್ತಕ ಹರಿದಳೆಂದು ದಾರದಕ್ಕನನ್ನು ವಾಚನಾಲಯದ ಕೆಲಸದಿಂದ ತೆಗೆದುಹಾಕಿದ್ದರು. ಆಮೇಲೆ ಅಲ್ಲಿ ಕೂತು ಓದುವುದಕ್ಕೂ ಬಿಡಲಿಲ್ಲ. ಈಗ ಅವಳ ಹೆಣವನ್ನು ಗಾಡಿಗೆ ಒಯ್ಯಲು ಗಂಡಸರು ಎತ್ತಿದ್ದರು. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಹೆಂಗಸು ಜನರನ್ನು ತಳ್ಳಿಕೊಂಡು ಒಳಗೆ ಬಂದಳು.

"ಇಳಿಸಿ. ಒಂದ್ಗಳಿಗೆ ಇಳಿಸಿ."

ಅವಳ ಕೈಯಲ್ಲಿ ಹಿಟ್ಟು ಮೆತ್ತಿದ ಪುಟಗಳ ಒಂದು ಕಂತೆ. ಅಂಗಿಯ ಪೆಟ್ಟಿಗೆಯ ರಟ್ಟು, ನೀಲಿ ದಾರದ ಹೊಲಿಗೆ. ಅಮ್ಮನ ಕೈಹೊಲಿಗೆಯ ಗುರುತು ದಾರದಕ್ಕನ ಮಗಳಿಗೆ ಕೂಡಲೇ ಸಿಕ್ಕಿತು.

*

ಆ ಬೀದಿಯವರಿಗೆಲ್ಲ ಉಡುಪಿನ ಕಾರ್ಖಾನೆಯಲ್ಲೇ ದುಡಿಮೆ. ದೂರದೇಶದ ಸಂಸ್ಥೆಯೊಂದು ಅವರಿಗಾಗಿ ವಾಚನಾಲಯ ಕಟ್ಟಿಸಿ, ಗಾಜಿನ ಕಪಾಟುಗಳಲ್ಲಿ ಪುಸ್ತಕ ಜೋಡಿಸಿ, ಫೋಟೊ ತೆಗೆಸಿಕೊಂಡು ಹೋಗಿತ್ತು. ಎಲ್ಲವೂ ಒಂದೊಂದೇ ಪ್ರತಿ. ಕಾರ್ಖಾನೆ ಬಿಡುವ ಹೊತ್ತಿಗೆ ವಾಚನಾಲಯದ ಬಾಗಿಲು ಹಾಕಿರುತ್ತಿತ್ತು. ಮನೆಗೆ ಕೊಡುವಂತಿಲ್ಲ, ಕೊಳೆಯಾಗುತ್ತದೆ. ಮೊದಲು ಬಟ್ಟೆಗಳ ದಾರ ಕತ್ತರಿಸುತ್ತಿದ್ದ ದಾರದಕ್ಕನಿಗೆ ಅಲ್ಲಿ ಗಾಜು ಒರೆಸುವ ಕೆಲಸ ಕೊಟ್ಟಿದ್ದರು.

ಅವಳು ಪುಸ್ತಕಗಳ ಬೆನ್ನು ಬಿಚ್ಚಿದಳು. ಹೊಲಿಗೆ ಹಿಡಿದು ಕಂತೆಕಂತೆಯಾಗಿ ಬಿಡಿಸಿ, ಒಂದೊಂದಕ್ಕೂ ರಟ್ಟು ಹಾಕಿ ಮತ್ತೆ ಹೊಲಿದಳು. ಊಟದ ಡಬ್ಬಿಯ ಅಡಿಯಲ್ಲಿ ಇಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ಮೊದಲ ಮನೆ ಓದಿ ಮುಗಿಸಿದ್ದನ್ನು ಪಕ್ಕದ ಮನೆಗೆ ದಾಟಿಸಿ, ಮುಂದಿನ ಕಂತೆ ಹಿಡಿಯಬೇಕು. ಒಂದೇ ಪುಸ್ತಕವನ್ನು ಇಡೀ ಬೀದಿ ಒಟ್ಟಿಗೆ ಓದುತ್ತಿತ್ತು. ಮೊದಲ ಮನೆ ಇಸ್ತ್ರಿಯವನದು. ಕತೆಯಲ್ಲಿ ಯಾರು ಸಾಯುತ್ತಾರೆಂಬುದನ್ನು ಅವನು ನಲ್ಲಿಯ ಹತ್ತಿರ ಒದರಿಬಿಡುವನು. ಹೆಂಗಸರು ಬಕೆಟ್ಟು ಎತ್ತಿಕೊಂಡು ಅಟ್ಟಿಸಿಕೊಂಡು ಹೋಗುವರು. ದಾರದಕ್ಕನದು ಕೊನೆಯ ಮನೆ. ಎಲ್ಲರದೂ ಆದ ಮೇಲೆ ಅವಳ ಸರದಿ.

ಯುದ್ಧ ಮುಗಿದ ಮೇಲೆ ಹೆಂಗಸೊಬ್ಬಳು ನಡೆದುಕೊಂಡೇ ತನ್ನ ಮನೆಗೆ ಹೊರಟ ದೊಡ್ಡ ಕಾದಂಬರಿಯೊಂದು ಬೀದಿಯಲ್ಲಿ ಸಾಗುತ್ತಿದ್ದಾಗ ತಪಾಸಣೆ ಬಂತು. ಸಂಸ್ಥೆಯ ಸಾಹೇಬರು ಮನೆಮನೆ ಹೊಕ್ಕು ಕಂತೆಗಳನ್ನು ಮೂಟೆ ಕಟ್ಟಿಸಿದರು. ಬಚ್ಚಿಟ್ಟವರಿಗೆ ಕಾರ್ಖಾನೆಯಲ್ಲಿ ಕೆಲಸವಿಲ್ಲ ಎಂದರು. ಕೊನೆಯ ಕಂತೆ ಗುಂಡಿಯವಳ ಹಿಟ್ಟಿನ ಡಬ್ಬಿ ಸೇರಿತು.

ನಲ್ಲಿಯ ಹತ್ತಿರ ಅವಳು ಒಮ್ಮೆ ದಾರದಕ್ಕನನ್ನು ದನಿ ತಗ್ಗಿಸಿ ಕೇಳಿದ್ದಳು: "ಅದು ನನ್ ಹತ್ರಾನೇ ಇದೆ ಅಕ್ಕ. ತರೋಕೆ ಭಯ. ಅವ್ಳು ಮನೆ ಮುಟ್ಟಿದ್ಲಾ ಇಲ್ವಾ, ಬಾಯಲ್ಲೇ ಹೇಳ್ಬಿಡ್ಲಾ?"

"ಹೇಳ್ಬೇಡ ಕಣೆ. ನೀನೇನು ಇಸ್ತ್ರಿಯವನಾ? ಧೈರ್ಯ ಬಂದಾಗ ಕೊಡು, ನಾನೇ ಓದ್ತೀನಿ."

ಹಾಸಿಗೆ ಹಿಡಿದ ಮೇಲೂ ದಾರದಕ್ಕ ಬಾಗಿಲು ಸದ್ದಾದರೆ ಸಾಕು, ಗುಂಡಿಯವಳಾ ಎಂದು ಕೇಳುತ್ತಿದ್ದಳು. ಅಲ್ಲಮ್ಮ, ಗಾಳಿ ಎನ್ನುತ್ತಿದ್ದಳು ಮಗಳು.

*

ಹೆಣವನ್ನು ಇಳಿಸಿದರು. ದಿನಾ ತರೋಣ ಅಂದುಕೊಳ್ಳುತ್ತಿದ್ದೆ, ಈ ಮನೆಯ ಗೇಟಿನವರೆಗೆ ಬಂದು ವಾಪಸು ಹೋಗುತ್ತಿದ್ದೆ ಎಂದು ಗುಂಡಿಯವಳು ಹೇಳಿದ್ದನ್ನೇ ಹೇಳುತ್ತಿದ್ದಳು.

"ಈಗ ತಂದು ಯಾರಿಗೆ ಕೊಡ್ತೀಯ?" ಎಂದ ಇಸ್ತ್ರಿಯವನು.

ಮಗಳು ಕಂತೆ ಇಸಿದುಕೊಂಡು ಅಮ್ಮನ ತಲೆಯ ಬಳಿ ಕೂತಳು. ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಎತ್ತಲು ಬಂದವರು ಒಬ್ಬೊಬ್ಬರಾಗಿ ನೆಲಕ್ಕೆ ಕೂತರು. ಹೊರಗೆ ಗಾಡಿಯವನು ಹಾರನ್ ಹೊಡೆದ.

ಹೂವಿನ ಹಾರ ಹಿಡಿದು ಬಂದ ಸಾಹೇಬರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಕಂತೆ ಕಂಡಿತು.

"ಅದು ಸಂಸ್ಥೆಯ ಸ್ವತ್ತು ಕಣಮ್ಮ," ಎಂದರು ಮೆತ್ತಗೆ. "ಕೊಟ್ಬಿಡು. ಇಷ್ಟು ದಿನ ಯಾರ ಹತ್ರ ಇತ್ತು ಅಂತ ನಾನೂ ಕೇಳಲ್ಲ."

ಗುಂಡಿಯವಳು ಗೋಡೆಗೆ ಅಂಟಿಕೊಂಡಳು. ಸಾಹೇಬರು ಕೈ ಚಾಚಿದರು.

ಮಗಳು ಪುಟ ತಿರುಗಿಸಿದಳು. ಮಡಿಕೆಯಲ್ಲಿದ್ದ ಹಿಟ್ಟು ಅಮ್ಮನ ಕೆನ್ನೆಯ ಮೇಲೆ ಉದುರಿತು. ಅವಳು ಅದನ್ನು ಒರೆಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಕೊಡಲ್ಲ," ಎಂದಳು. "ಅವಳಿನ್ನೂ ಮನೆ ಮುಟ್ಟಿಲ್ಲ."

ಬೆರಳಿಟ್ಟ ಸಾಲಿನಿಂದಲೇ ಓದು ಮುಂದುವರಿಸಿದಳು.