ಗ್ರೀಕರ ಬಾಕು

ಲಕ್ವ ಹೊಡೆದು ಮಲಗಿ ಎದ್ದ ದೊಡ್ಡಕ್ಕ ನಿಘಂಟು ಕಚೇರಿಗೆ ಮತ್ತೆ ಕಾಲಿಟ್ಟ ದಿನ ಅದು.

"ಇವತ್ತೊಂದು ದಿನ ಕೂತು ನೋಡಿ ಅಕ್ಕಾ, ಆಗುತ್ತೋ ಇಲ್ವೋ ನಿಮಗೇ ಗೊತ್ತಾಗುತ್ತೆ," ಎಂದಿದ್ದರು ಸಂಪಾದಕರು, ಬೇರೆಲ್ಲೋ ನೋಡುತ್ತ. ಆ ಮಾತಿನ ಅರ್ಥ ತಿಳಿಯಲು ಅವಳಿಗೆ ಯಾವ ನಿಘಂಟೂ ಬೇಕಿರಲಿಲ್ಲ. ಆಗದಿದ್ದರೆ ನಾಳೆಯಿಂದ ಮನೆ.

ಮೊದಲ ಚೀಟಿಯಲ್ಲೇ ಗ್ರೀಕ್ ಪದ: ಎಂಖೈರಿದಿಯೋನ್. ಅವಳಿಗೆ ನಗು ಬಂತು, ಹಳೇ ಪರಿಚಯ. ಲ್ಯಾಟಿನ್ನಿನ ಪೂಗಿಯೋ ಬರೆದಳು, ಪಾರಸಿಯ ಖಂಜರ್ ಬರೆದಳು, ಜರ್ಮನರ ಡೋಲ್ಖ್ ಕೂಡ ಕರೆದ ತಕ್ಷಣ ಎದ್ದು ಬಂತು. ಸ್ವಂತ ಮಾತಾದ ಕನ್ನಡದ ಖಾನೆಗೆ ಬಂದಾಗ ಪೆನ್ನು ನಿಂತುಬಿಟ್ಟಿತು.

ವಸ್ತು ಕಣ್ಣಿಗೆ ಕಟ್ಟಿದಂತಿದೆ. ಗೇಣುದ್ದ, ಎರಡಲಗು, ಸೊಂಟದಲ್ಲಿ ಸಿಕ್ಕಿಸಿಕೊಳ್ಳುವಂಥದ್ದು. ಹೆಸರು ಮಾತ್ರ ಎಲ್ಲೋ ಅವಿತು ಕೂತಿದೆ. ಊರವರೆಲ್ಲ ಬಂದ ಮನೆಗೆ ಮನೆಮಗಳೇ ಬಾರದ ಹಾಗೆ.

ಎದುರಿಗೆ ಕೂತಿದ್ದ ಪ್ರೂಫ್ ನೋಡುವವಳಿಗೆ ಸಂಗತಿ ತಿಳಿದುಹೋಯಿತು. ಆದರೆ ಆ ಮೇಜಿಗೊಂದು ಕಟ್ಟಳೆಯಿತ್ತು. ಇನ್ನೊಬ್ಬರ ಚೀಟಿಗೆ ಪದ ಕೊಟ್ಟವರು ಆ ಚೀಟಿಯನ್ನು ತಾವೇ ಮುಗಿಸಬೇಕು. ಹೇಳಿಕೊಟ್ಟರೆ ಕಿತ್ತುಕೊಂಡಂತೆ. ತಪ್ಪು ಪದದ ಬಗ್ಗೆ ಕಟ್ಟಳೆ ಏನೂ ಹೇಳಿರಲಿಲ್ಲ.

"ಕೊಡಲಿ ಅಂತ ಬರೀರಿ ಅಕ್ಕಾ," ಎಂದಳು ಅವಳು, ಕತ್ತೆತ್ತದೆ.

"ಕೊಡಲೀನಾ? ಸೊಂಟಕ್ಕೆ ಕೊಡಲಿ ಸಿಗಿಸ್ಕೊಂಡು ತಿರುಗೋಕೆ ಗ್ರೀಕನೇನು ಸೌದೆ ಒಡೆಯೋನಾ?"

"ಹಾಗಾದ್ರೆ ಕುಡುಗೋಲು."

"ನಿನ್ನ ತಲೆ! ಅದು ಬಾಗಿರುತ್ತೆ ಕಣೇ. ಇದು ನೆಟ್ಟಗೆ."

"ಈಟಿ?"

"ಅಷ್ಟುದ್ದ ಎಲ್ಲಿ! ಇದು ಚಿಕ್ಕದು, ಕೈಯೊಳಗೇ ಇರೋವಂಥದ್ದು..."

ದೊಡ್ಡಕ್ಕ ಅಲ್ಲಿಗೇ ಮಾತು ನಿಲ್ಲಿಸಿದಳು. ಎಂಖೈರಿದಿಯೋನ್ ಅಂತ ಗ್ರೀಕರೂ ಅಷ್ಟೇ ತಾನೇ ಹೇಳಿದ್ದು, ಕೈಯೊಳಗಿನದು ಅಂತ? ಅಕ್ಷರ ಸ್ವಲ್ಪ ಸೊಟ್ಟಗಾದರೂ ಬರೆದೇಬಿಟ್ಟಳು: ಕೈಗತ್ತಿ.

ಸಂಪಾದಕರು ಬಂದು ಚೀಟಿ ಎತ್ತಿ ಓದಿದರು.

"ಈ ಪದ ನಾನೆಲ್ಲೂ ಕೇಳಿಲ್ವಲ್ಲ ಅಕ್ಕಾ."

"ನಾನೂ ಕೇಳಿಲ್ಲಪ್ಪ. ಎಲ್ರೂ ಅನ್ನೋ ಪದ ಎಷ್ಟು ತಡಕಿದ್ರೂ ಸಿಗ್ಲಿಲ್ಲ. ಇದು ನಾನೇ ಕಟ್ಟಿದ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಪದ ಮರೆಯೋರು ಈ ಕಚೇರಿ ತುಂಬ ಇದೀವಿ. ಮರೆತ ಮೇಲೂ ಒಂದು ಕಟ್ಟಿ ಕೊಡೋರು ಯಾರಿದಾರೆ?" ಎಂದು ನಾಳೆಯ ಚೀಟಿಗಳ ಕಂತೆಯನ್ನು ತಂದು, ಅವಳ ಎಡಗೈಗೆ ಎಟುಕುವ ಕಡೆಯೇ ಇಟ್ಟು ಹೋದರು. ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿರಲಿಲ್ಲ.

ಸಂಜೆ ಮೆಟ್ಟಿಲಿಳಿಯುವಾಗ ದೊಡ್ಡಕ್ಕ ಗಕ್ಕನೆ ನಿಂತಳು.

"ಬಾಕು! ಬಾಕು ಕಣೇ ಅದು!"

ತೋಳು ಹಿಡಿದಿದ್ದ ಪ್ರೂಫಿನವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ಹೌದಲ್ಲಾ! ನಂಗೂ ಬೆಳಗ್ಗೆಯಿಂದ ಹೊಳೀತಾನೇ ಇರ್ಲಿಲ್ಲ."

ದೊಡ್ಡಕ್ಕ ಅವಳ ಮುಖವನ್ನೇ ನೋಡಿದಳು.

"ಸುಳ್ಳಿ," ಎಂದು, ಆ ತೋಳಿನ ಮೇಲೆ ಇನ್ನಷ್ಟು ಭಾರ ಬಿಟ್ಟು, ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.