ಕುರ್ಚಿ ಕಾಲಿನ ಪೆನ್ಸಿಲ್ ಗೆರೆ

"ನನ್ನ ತಮ್ಮ ಯಾರು ಏನು ಹೇಳಿದ್ರೂ ನಂಬ್ತಾನೆ. ನಿಮ್ಮ ಕಣ್ಣೆದುರು ಅವನನ್ನ ಯಾರೂ ಆಡ್ಕೊಂಡು ನಗಬಾರದು" ಎಂದು ಮದುವೆಯಾದ ಹೊಸತರಲ್ಲಿ ಹೆಂಡತಿ ಕೇಳಿಕೊಂಡಿದ್ದಳು. ಮೇಸ್ತ್ರಿ ಮಾತು ಕೊಟ್ಟಿದ್ದ.

ಆ ತಮ್ಮ ನಲವತ್ತು ದಾಟಿದ ಮೇಲೆ, ದುಡಿಯುತ್ತಿದ್ದ ಪ್ರೆಸ್ಸು ಮುಚ್ಚಿಹೋಗಿ, ಭಾವನ ಮರಗೆಲಸದ ಶೆಡ್ಡಿಗೇ ಬಂದು ಸೇರಿದ. ಹೊಸಬರನ್ನು ಬೇಸ್ತು ಬೀಳಿಸುವುದು ಅಲ್ಲಿನವರ ಹಳೆಯ ಚಾಳಿ. ಮರದ ಗಂಟು ಕರಗಿಸುವ ಎಣ್ಣೆ ತಾ ಎಂದು ಅಂಗಡಿಗೆ ಓಡಿಸುವರು. ಗಿಡ್ಡವಾದ ಹಲಗೆಯನ್ನು ಎಳೆದು ಉದ್ದ ಮಾಡು ಎನ್ನುವರು. "ಇವನ ತಂಟೆಗೆ ಮಾತ್ರ ಯಾರೂ ಹೋಗಕೂಡದು" ಎಂದು ಮೇಸ್ತ್ರಿ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ.

ಯಾರೂ ಹೋಗಲಿಲ್ಲ. ಹತ್ತಿರಕ್ಕೂ ಸುಳಿಯಲಿಲ್ಲ. ಚಹಾದ ಹೊತ್ತಿಗೆ ಎಲ್ಲರೂ ಒಂದು ಕಡೆ, ಭಾಮೈದ ಮರದ ಪುಡಿಯ ಮೂಟೆಯ ಮೇಲೆ ಒಬ್ಬನೇ.

ಒಂದು ಸಂಜೆ ಬಾಗಿಲು ಹಾಕುವಾಗ ಅವನು ಮೆಲ್ಲಗೆ ಹೇಳಿದ: "ಭಾವ, ನಾನು ಬೇರೆ ಕಡೆ ಕೆಲಸ ನೋಡ್ಕೊಳ್ತೀನಿ."

"ಯಾಕೋ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ನಲ್ಲ, ಅದೇ ಬೇಜಾರು. ನನಗಿಂತ ಆಮೇಲೆ ಬಂದವನನ್ನ ಎಣ್ಣೆಗೆ ಓಡಿಸಿದ್ರು. ಈಗ ಅವನ ಹೆಗಲ ಮೇಲೆ ಕೈ ಹಾಕ್ಕೊಂಡು ಓಡಾಡ್ತಾರೆ. ನನಗೆ ಮಾತ್ರ ಬನ್ನಿ, ಹೋಗಿ."

ಮೇಸ್ತ್ರಿ ಹಾಕಿದ ಬೀಗವನ್ನೇ ಮತ್ತೆ ಮತ್ತೆ ಎಳೆದು ನೋಡಿದ.

ಮರುದಿನ ಮಧ್ಯಾಹ್ನದವರೆಗೂ ಕೂತು, ಕುರ್ಚಿಯ ಕಾಲುಗಳಲ್ಲಿ ತೂತು ಕೊರೆಯಬೇಕಾದ ಜಾಗಕ್ಕೆಲ್ಲ ಮೇಸ್ತ್ರಿ ತಾನೇ ಪೆನ್ಸಿಲ್ ಗೆರೆ ಎಳೆದ. ಆಮೇಲೆ ಭಾಮೈದನನ್ನು ಕರೆದ.

"ಗಿರಾಕಿ ಬರ್ತಾರೆ. ಒಂದು ಗೆರೆನೂ ಕಾಣಬಾರದು. ರಬ್ಬರಲ್ಲಿ ಉಜ್ಜು, ಹೋಗದೇ ಇದ್ರೆ ಸ್ಪಿರಿಟ್ ಬಟ್ಟೆಲಿ ಒರೆಸು. ನೀರು ಮುಟ್ಟಿಸಬೇಡ, ಮರ ಉಬ್ಬುತ್ತೆ."

ಭಾಮೈದ ತುಟಿ ಕಚ್ಚಿಕೊಂಡು ಉಜ್ಜತೊಡಗಿದ. ಶೆಡ್ಡಿನಲ್ಲಿ ಪಾಲಿಶ್ ಮಾಡುವ ಮುದುಕ ಅದನ್ನು ಕಂಡು ದಂಗಾಗಿ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಕಣ್ಣು ಮಿಟುಕಿಸಿದ. ಮುದುಕ ಬಾಯಿಗೆ ಬಟ್ಟೆ ಅದುಮಿಕೊಂಡು ಆಚೆ ಹೋದ.

ಕೊನೆಯ ಕಾಲೂ ಹಸುಗೂಸಿನ ಕೆನ್ನೆಯಂತಾದಾಗ ಮುದುಕ ತಿರುಗಿ ಬಂದ.

"ಭೇಷ್. ಇನ್ನು ತೂತು ಎಲ್ಲಿ ಕೊರೆಯೋದಪ್ಪ, ನಿನ್ನ ತಲೆ ಮೇಲಾ?"

ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ಭಾಮೈದನ ಕಿವಿ ಕೆಂಪಗಾಯಿತು. "ಭಾವ, ನೀವೇ ಹೇಳಿದ್ರಲ್ಲ" ಎಂದವನು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಭಾವನನ್ನು ನೋಡುತ್ತ ನಿಂತ. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ.

"ಬಾರೋ ಪೆದ್ದಪ್ಪ, ಈ ಕಾಲಿನ ಆ ತುದಿ ಹಿಡ್ಕೋ" ಎಂದು ಮುದುಕ ಅವನ ಕಿವಿಯ ಹಿಂದೆ ಒಂದು ಪೆನ್ಸಿಲ್ ಸಿಕ್ಕಿಸಿದ. ಎಲ್ಲರೂ ಸುತ್ತ ಕೂತು ಮತ್ತೆ ಗೆರೆ ಎಳೆದರು. ಚಹಾ ಅಲ್ಲಿಗೇ ಬಂತು.

ಹೆಂಡತಿಗೆ ಕೊಟ್ಟ ಮಾತನ್ನು ಮೇಸ್ತ್ರಿ ಆ ದಿನ ಮುರಿದ.