ತುಟಿ ಮುಚ್ಚುವ ಅಕ್ಷರ

"ಅಲ್ಲ ಮೇಷ್ಟ್ರೇ, ದೆವ್ವಕ್ಕೆ ಯಾರಾದ್ರೂ 'ಹೋಗಿ ಬಾ' ಅಂತಾರಾ? ಎರಡನೇ ಭಾಗಕ್ಕೂ ಇದೇ ದೆವ್ವ ಬರಲಿ ಅಂತಾನಾ?"

ಗಾಜಿನ ಆಚೆ ಕೂತು ಹೀಗೆ ಕೇಳಿದ ರೆಕಾರ್ಡಿಂಗಿನವನ ನಗು ಹೆಡ್‌ಫೋನಿನಲ್ಲಿ ಕೇಳಿಸಿ, ಮೈಕಿನ ಮುಂದೆ ನಿಂತಿದ್ದ ಗಿಣಿಗೂ ನಗು ಬಂತು. ನಲವತ್ತೆರಡು ವರ್ಷದ ಹೆಂಗಸನ್ನು ಗಿಣಿ ಎನ್ನುವುದು ಅಷ್ಟು ಸರಿಯಲ್ಲ. ಆದರೆ ಮಾತು ಬಂದಾಗಿನಿಂದ ಕಂಡಕಂಡವರ ದನಿ ಕದ್ದು ಸಂಪಾದಿಸಿದ ಹೆಸರು ಅದು, ಮನೆಯಿಂದ ಡಬ್ಬಿಂಗ್ ಸ್ಟುಡಿಯೊವರೆಗೂ ಬೆನ್ನು ಹತ್ತಿ ಬಂದಿತ್ತು.

ಪರದೇಶದ ಸಿನಿಮಾಗಳಿಗೆ ನಮ್ಮ ಭಾಷೆಯ ಮಾತು ಬರೆದುಕೊಡುವ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಹಾಳೆ ನೋಡಿಕೊಂಡರು. "ಅಯ್ಯೋ ಶಿವನೇ! ಕೈ ತಾನಾಗೇ ಬರೆದುಬಿಟ್ಟಿದೆ ಕಣಪ್ಪ. ಹೊರಟು ನಿಂತವರಿಗೆ ಬರೀ 'ಹೋಗು' ಅನ್ನೋಕೆ ನಾಲಗೆ ಏಳುತ್ತಾ?"

"'ತೊಲಗು' ಅಂತ ಹಾಕಿ."

"ಬೇಡ. ಪರದೆ ಮೇಲೆ ಆ ಮುದುಕನ ಮುಖ ನೋಡು, ಬೈತಾ ಇದ್ದಾನಾ? ಹೆಸರು ಕೇಳ್ತಾನೆ, ಕಷ್ಟ ಕೇಳ್ತಾನೆ, ಅವಳಿಗೋಸ್ಕರ ಪ್ರಾರ್ಥನೆ ಮಾಡ್ತಾನೆ, ಆಮೇಲೆ ಕಳಿಸ್ತಾನೆ. ಓಡಿಸೋದೇ ಬೇರೆ, ಕಳಿಸೋದೇ ಬೇರೆ."

"ಏನಾದ್ರೂ ಬರೀರಿ, 'ಬಾ' ಮಾತ್ರ ಬೇಡ. ಅಲ್ಲಿ ಅವನ ತುಟಿ ಮುಚ್ಚೋದೇ ಇಲ್ಲ."

ಡಬ್ಬಿಂಗಿನವರ ಇಡೀ ವೇದಾಂತ ಇಷ್ಟೇ. ಪ, ಬ, ಮ ಬಂದಲ್ಲಿ ಪರದೆಯ ಮೇಲಿನ ತುಟಿಯೂ ಮುಚ್ಚಬೇಕು. ಮುಚ್ಚದಿದ್ದರೆ ಎಷ್ಟು ಸೊಗಸಾದ ಮಾತಾದರೂ ಕಸದ ಬುಟ್ಟಿಗೆ. ಮೇಷ್ಟ್ರು 'ಬಾ' ಹೊಡೆದುಹಾಕಿ 'ಹೋಗು' ಎಂದಷ್ಟೇ ಉಳಿಸಿದರು. ಮುದುಕನಿಗೆ ದನಿ ಕೊಟ್ಟ ನಾಟಕದ ಯಜಮಾನರನ್ನು ನಾಳೆ ಇನ್ನೊಮ್ಮೆ ಕರೆಸುವುದೆಂದಾಯಿತು.

ಸಿನಿಮಾ ಯೆಹೂದ್ಯರ ಹಳೆಯ ಕಥೆಗಳಿಂದ ಎತ್ತಿಕೊಂಡದ್ದು. ಬೇಕರಿಯವನ ಮಗಳ ಮೈಯೊಳಗೆ, ಹೊಳೆಯಲ್ಲಿ ಮುಳುಗಿ ಸತ್ತ ಹೊಲಿಗೆಯವಳೊಬ್ಬಳ ಜೀವ ಸೇರಿಕೊಂಡಿದೆ. ಅಂಥದ್ದಕ್ಕೆ ಅವರು ದಿಬ್ಬುಕ್ ಅನ್ನುತ್ತಾರಂತೆ, ಅಂಟಿಕೊಂಡದ್ದು ಎಂದರ್ಥವಂತೆ. ಕೊನೆಗೆ ರಬ್ಬಿ, ಅಂದರೆ ಅವರ ಧರ್ಮಗುರುವಾದ ಆ ಮುದುಕ ಹತ್ತು ಜನರನ್ನು ಸೇರಿಸಿ, ಟಗರಿನ ಕೊಂಬು ಊದಿಸಿ, ಅವಳನ್ನು ಮಾತಾಡಿಸುತ್ತಾನೆ. ಹುಡುಗಿಗೂ ಒಳಗಿನವಳಿಗೂ ಗಿಣಿಯದೇ ಕಂಠ. ಹುಡುಗಿಗೆ ತನ್ನ ಸ್ವಂತ ದನಿ ಕೊಟ್ಟಿದ್ದಳು. ಒಳಗಿನವಳಿಗೆ ಅಕ್ಕನ ದನಿ.

ಅದು ಅಕ್ಕನ ದನಿಯೆಂದು ಮೇಷ್ಟ್ರಿಗೆ ಮೊದಲ ದಿನವೇ ಗೊತ್ತಾಗಿತ್ತು. ಇದೇ ಮೈಕಿನ ಮುಂದೆ ಹದಿನೆಂಟು ವರ್ಷ ನಾಯಕಿಯರಿಗೆ ದನಿ ಕೊಟ್ಟವಳು ಅವಳು. ಮನೆಯಲ್ಲಿ ಅವಳನ್ನು ದೊಡ್ಡೋಳು ಎನ್ನುತ್ತಿದ್ದರು. ಒಂಟಿ ಜೀವ. ಹನ್ನೊಂದು ತಿಂಗಳ ಹಿಂದೆ, ತನ್ನ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ತರಕಾರಿ ಚೀಲ ಹಿಡಿದುಕೊಂಡೇ ಕುಸಿದವಳು ಹೋಗಿಯೇಬಿಟ್ಟಳು.

ಅದೇ ವಾರ, ದೂರದ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮನಿಗೆ ಎದೆಯ ಆಪರೇಷನ್ ಆಗಿತ್ತು. ಗಾಬರಿಯ ಸುದ್ದಿ ಹೇಳಬೇಡಿ ಎಂದಿದ್ದರು ಡಾಕ್ಟರು. "ನಾಲ್ಕು ದಿನ ಅಷ್ಟೇ ಕಣೆ, ನೀನು ಅವಳ ಥರ ಮಾತಾಡು," ಎಂದು ಅಣ್ಣ ಕೈ ಮುಗಿದಿದ್ದ. ಅಮ್ಮನಿಗೆ ಕಣ್ಣು ಮಂಜು, ಮುಖ ತೋರಿಸುವ ಫೋನು ಬೇಕಿರಲಿಲ್ಲ. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಪ್ರತಿ ಬುಧವಾರ ನಾಲ್ಕು ಗಂಟೆಗೆ ಗಿಣಿ ಅಕ್ಕನ ಫೋನಿನಿಂದಲೇ ಅಮ್ಮನಿಗೆ ಫೋನು ಮಾಡುತ್ತಿದ್ದಳು. ಮೂಲೆ ಒಡೆದ ಆ ಫೋನು ಚೀಲದಲ್ಲಿ ಸದಾ ಚಾರ್ಜಾಗಿರುತ್ತಿತ್ತು.

ಹೋದ ಬುಧವಾರ ಅಮ್ಮ ಒಂದೇ ಮಾತು ಹೇಳಿದ್ದಳು: "ಒಂದ್ಸಲ ಬಂದು ಹೋಗು ಮಗಾ." ಯಾವತ್ತು ಬರುತ್ತೇನೆಂದು ಇವತ್ತು ಹೇಳಬೇಕು. ನಿಜ ಹೇಳಿದರೆ ಹೊಲಿಗೆ ಹಾಕಿದ ಆ ಎದೆ ತಡೆದೀತೇ? ಹೇಳದಿದ್ದರೆ ಸತ್ತವಳನ್ನು ಎಲ್ಲಿಂದ ತರುವುದು?

"ಮುಂದಿನದು ನೋಡೋಣ ಮೇಡಂ. ಒಳಗಿನವಳ ಕೊನೇ ಮಾತು."

ಪರದೆಯ ಮೇಲೆ ರಬ್ಬಿ, ಯಾಕಮ್ಮಾ ಇನ್ನೂ ಇಲ್ಲೇ ಇದ್ದೀಯ ಎಂದ. ಗಿಣಿ ಗಂಟಲನ್ನು ತಗ್ಗಿಸಿ, ಅಕ್ಕನ ಹಾಗೆ ಮೊದಲೊಂದು ಉಸಿರೆಳೆದುಕೊಂಡು, ಹಾಳೆ ನೋಡಿ ಓದಿದಳು. "ನನ್ನ ಹೆಸರು ಹಿಡಿದು ಯಾರೂ ಅಳಲಿಲ್ಲ. ಅತ್ತಿದ್ದರೆ..."

ಮುಂದಿನದು ಬಾಯಿಂದ ಹೊರಡಲಿಲ್ಲ. ಎರಡನೆಯ ಸಲವೂ ಅಲ್ಲೇ ನಿಂತಿತು. ಮೂರನೆಯ ಸಲವೂ ಅಲ್ಲೇ.

ಹೌದಲ್ಲ, ಯಾರು ಅತ್ತಿದ್ದರು? ಅಮ್ಮನ ಮುಂದೆ ಅಳಬಾರದೆಂದು ಅಣ್ಣ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದ. ಗಿಣಿ ಅದನ್ನೂ ಮಾಡಿರಲಿಲ್ಲ. ಅತ್ತರೆ ದನಿ ಒಡೆಯುತ್ತದೆ, ಬುಧವಾರಕ್ಕೆ ದನಿ ಬೇಕಲ್ಲ!

"ಟೀ ಕುಡಿದು ಬನ್ನಿ ಗಿಣಿಯಮ್ಮ," ಎಂದರು ಮೇಷ್ಟ್ರು. "ಎಲ್ಲಿಗೂ ಓಡಿಹೋಗಲ್ಲ ನಿಮ್ಮ ದೆವ್ವ."

ಗಂಟೆ ನಾಲ್ಕಾಗಿತ್ತು. ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಕಾರಿಡಾರಿನ ಕೊನೆಗೆ ಹೋಗಿ ಗಿಣಿ ಅಕ್ಕನ ಫೋನು ತೆಗೆದಳು.

"ಅಮ್ಮಾ, ದೊಡ್ಡೋಳು. ಮಾತ್ರೆ ತಗೊಂಡ್ಯಾ?"

"ತಗೊಂಡೆ. ಯಾವಾಗ ಬರ್ತೀಯ?"

"ಅದೇ ಅಮ್ಮಾ, ಇಲ್ಲಿ ಕೆಲಸ ಜಾಸ್ತಿ, ರಜೆ ಸಿಗ್ತಾ ಇಲ್ಲ..."

"ಗಿಣೀ," ಎಂದಳು ಅಮ್ಮ.

ಯಾವ ದನಿಯಲ್ಲಿ ಮಾತಾಡಬೇಕೆಂದೇ ಗಿಣಿಗೆ ತಿಳಿಯಲಿಲ್ಲ.

"ಯಾರು ಹೇಳಿದ್ರಮ್ಮ? ಅಣ್ಣಾನಾ?"

"ಅವನಾ? ಅವನ ಬಾಯಿಗೆ ಬೀಗ. ಹೇಳಿದ್ದು ನೀನೇ. ನಿಮ್ಮಕ್ಕ ಹುಟ್ಟಿದಾಗಿನಿಂದ ಒಂದು ದಿನ ನನ್ನನ್ನ ಮಾತ್ರೆ ತಗೊಂಡ್ಯಾ ಅಂತ ಕೇಳಿದ್ಲೇನೇ? ಫೋನ್ ಮಾಡಿದ್ರೆ ತನ್ನ ಬೆನ್ನು ನೋವು, ತನ್ನ ಗಂಟಲು, ತನ್ನ ಮನೆ ಓನರಿನ ಕಾಟ. ಹನ್ನೊಂದು ತಿಂಗಳಿಂದ ಎಷ್ಟು ಒಳ್ಳೆಯವಳಾಗಿಬಿಟ್ಲು! ಬದುಕಿರೋರು ಯಾರೂ ಅಷ್ಟು ಒಳ್ಳೆಯವರಾಗಿರಲ್ಲ ಕಣೆ."

ಗಿಣಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಆ ಕಡೆ ಅಮ್ಮನೂ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಗೊತ್ತಿದ್ದೂ ಯಾಕಮ್ಮ ಸುಮ್ಮನಿದ್ದೆ?"

"ಅವಳನ್ನ ಬಿಟ್ಟು ನೀನು ಇದ್ದವಳೇ ಅಲ್ಲ. ವಾರಕ್ಕೊಂದ್ಸಲ ಅವಳಾಗಿ ಇರಲಿ ಬಿಡು ಅಂದ್ಕೊಂಡೆ. ನಂಗೂ ಬೇಕಾಗಿತ್ತು ಅನ್ನು. ದನಿ ಮಾತ್ರ, ಅಬ್ಬಾ, ಅಪ್ಪಟ ಅವಳದೇ." ಅಮ್ಮ ತಡೆದು ಹೇಳಿದಳು. "ಆದ್ರೆ ಮಗಾ, ಅವಳು ವಾರವಾರ ಫೋನ್ ಮಾಡ್ತಾಳೆ, ನೀನು ಮಾಡೋದೇ ನಿಲ್ಲಿಸಿಬಿಟ್ಟೆ. ಮಾಡಿದ್ರೂ ಎರಡು ಮಾತು. ನಂಗೆ ಇಬ್ಬರೂ ಹೋದ ಹಾಗಾಯ್ತಲ್ಲ. ಬಂದು ಹೋಗು ಅಂದದ್ದು ಅವಳಿಗಲ್ಲ, ನಿಂಗೆ."

ಗಿಣಿ ಗೋಡೆಗೊರಗಿ ಕೂತುಬಿಟ್ಟಳು. ಅಕ್ಕಾ, ಅಕ್ಕಾ ಎಂದು ಹನ್ನೊಂದು ತಿಂಗಳದ್ದು ಒಟ್ಟಿಗೇ ಅತ್ತಳು. ಫೋನಿನಲ್ಲಿ ಅಮ್ಮನೂ ಅಕ್ಕನ ಪೂರ್ತಿ ಹೆಸರು ಹಿಡಿದು ಅತ್ತಳು. ಅವಳು ಆ ಹೆಸರು ಕರೆದು ಎಷ್ಟೋ ವರ್ಷಗಳಾಗಿತ್ತು. ಕಾರಿಡಾರಿಗೆ ಬಂದ ಮೇಷ್ಟ್ರು ನಡುವಿನ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು.

ಅಳು ಇಳಿದ ಮೇಲೆ ಅಮ್ಮ ಅಂದಳು: "ಒಂದೇ ಒಂದು ಸಲ ಅವಳಿಗೆ ಫೋನ್ ಕೊಡು. ಅವಳು ಹೇಳದೇ ಹೋಗಿಬಿಟ್ಲು ನೋಡು."

ಗಿಣಿ ಕೆನ್ನೆ ಒರೆಸಿಕೊಂಡು ಉಸಿರೆಳೆದುಕೊಂಡಳು. "ಅಮ್ಮಾ, ಬರ್ತೀನಿ," ಎಂದಳು ಅಕ್ಕನ ದನಿಯಲ್ಲಿ. ಅಭ್ಯಾಸಬಲ.

"ಬರ್ತೀನಿ ಅನ್ಬೇಡ ಕಂದಾ. ಆಸೆಯಾಗುತ್ತೆ."

ಗಿಣಿ ಮತ್ತೊಮ್ಮೆ ಅಕ್ಕನ ಹಾಗೆ ಉಸಿರೆಳೆದುಕೊಂಡಳು.

"ಹೋಗ್ತೀನಿ ಅಮ್ಮಾ."

"ಹೋಗು," ಎಂದಳು ಅಮ್ಮ. ಆಮೇಲೆ ಗಂಟಲು ಸರಿಮಾಡಿಕೊಂಡು, "ಗಿಣೀ, ಶನಿವಾರ ಬಾ. ನಿನ್ನ ಫೋನಿಂದ ಮಾಡು, ಅಣ್ಣನ್ನ ಸ್ಟೇಷನ್ನಿಗೆ ಕಳಿಸ್ತೀನಿ," ಎಂದಳು.

ಮುಖ ತೊಳೆದು ಗಿಣಿ ಮೈಕಿನ ಮುಂದೆ ನಿಂತಳು. ಕೆಂಪು ದೀಪ ಹತ್ತಿತು. "ನನ್ನ ಹೆಸರು ಹಿಡಿದು ಯಾರೂ ಅಳಲಿಲ್ಲ. ಅತ್ತಿದ್ದರೆ ಎಂದೋ ಹೋಗುತ್ತಿದ್ದೆ." ಒಂದೇ ಸಲಕ್ಕೆ ಆಯಿತು. ಮುದುಕ ಬಾಯಿ ತೆರೆದ. ಹೊಸ ಮಾತು ಇನ್ನೂ ಸೇರಿಸಿರದಿದ್ದುದರಿಂದ ಅವನ ತುಟಿ ಸದ್ದಿಲ್ಲದೆ ಆಡಿತು. ನೆಲದ ಮೇಲೆ ಬಿದ್ದಿದ್ದ ಹುಡುಗಿ ಕಣ್ಣು ಬಿಟ್ಟು ತಾಯಿಯನ್ನು ಹುಡುಕಿದಳು. "ಅಮ್ಮಾ," ಎಂದಳು ಗಿಣಿ ತನ್ನ ದನಿಯಲ್ಲಿ. ಹುಡುಗಿಯ ತುಟಿಯೂ ಅವಳ ತುಟಿಯೂ ಒಟ್ಟಿಗೇ ಮುಚ್ಚಿ ತೆರೆದವು.

"ಸರಿಯಾಗಿ ಕೂತಿದೆ ಮೇಡಂ," ಎಂದ ರೆಕಾರ್ಡಿಂಗಿನವನು. "ಒಳಗಿನವಳ ಮಾತಿಗೆ ಮುಂಚೆ ಒಂದು ಉದ್ದ ಉಸಿರಿದೆ. ಕತ್ತರಿಸ್ಲಾ?"

"ಎಲ್ಲಿ, ಇನ್ನೊಂದ್ಸಲ ಕೇಳಿಸಿ."

ಅವನು ಕೇಳಿಸಿದ. ಗಿಣಿ ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಳು.

"ಬೇಡ," ಎಂದಳು. "ಅದೊಂದು ಇರಲಿ."